ಪರಿಚಯಪತ್ರದ ಏಳನೆಯ ಸಾಲು

ಈ ಒಂದು ಸಾಲನ್ನು ಬಿಟ್ಟುಬಿಟ್ಟರೆ ಯಾರಿಗೆ ತಿಳಿಯುತ್ತದೆ? ಕಿರಿಲ್ಲಾಳಿಗೆ ತಿಳಿಯುತ್ತದೆ, ಅವಳು ಪೂರ್ತಿ ಓದಿಸಿಕೊಂಡೇ ಮುದ್ರೆ ಒತ್ತುವವಳು. ಸಾಲನ್ನು ಇಟ್ಟು ಹೆಸರು ಮಾತ್ರ ಬದಲಿಸಿದರೆ? ಹೆಸರು ಬದಲಿಸುವುದೂ ಎಲ್ಲವನ್ನೂ ಹೇಳಿಬಿಡುವುದೂ ಒಂದೇ. ಹೇಳುವುದಾಗಿದ್ದರೆ ಒಂಬತ್ತು ವರ್ಷದ ಹಿಂದೆಯೇ ಹೇಳಬಹುದಿತ್ತು. ಆಗ ಹೇಳದವನು ಈಗ ಹೇಳಿದರೆ, ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂದು ಕೇಳುತ್ತಾರೆ. ಕೇಳಲಿ. ಕೇಳಿದರೆ ಏನು ಹೇಳುವುದು?

ಮೆನ್ನೆಯ ಲೇಖನಿಯನ್ನು ಮಸಿಯಲ್ಲಿ ಅದ್ದಿದ, ಕುಡಿಕೆಯ ಅಂಚಿಗೆ ಒರೆಸಿದ, ಮತ್ತೆ ಅದ್ದಿದ. ಪೆರ್ಗೆ ಪಟ್ಟಣದ ದಕ್ಷಿಣದ ಬಾಗಿಲ ನೆರಳಿನಲ್ಲಿ ಅವನದೊಂದು ಮಣೆ, ಒಂದು ಚಾಪೆ. ಇಪ್ಪತ್ತೈದು ವರ್ಷದಿಂದ ಅಲ್ಲಿ ಕೂತು ಬರೆಯಲು ಬಾರದವರಿಗೂ ಬರೆಯಲಾರದವರಿಗೂ ಪತ್ರ ಬರೆದುಕೊಟ್ಟಿದ್ದ. ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಹೋದವರ ಪತ್ರ, ಗಡಿ ಕಲ್ಲಿನ ಜಗಳದ ಅರ್ಜಿ, ಸೈನ್ಯಕ್ಕೆ ಹೋದ ಮಗನಿಗೆ ತಾಯಿಯ ಬೈಗುಳ. ಎಂಥದಾದರೂ ಅವನ ಕೈ ನಿಂತದ್ದಿಲ್ಲ. ಇವತ್ತು ಆರು ಸಾಲಿಗೆ ನಿಂತಿತ್ತು.

ಪೆರ್ಗೆಯ ಸಭೆಯಿಂದ ಓರ್ಬಾನದ ಮನೆಯವರಿಗೆ ಶಾಂತಿ. ಈ ಪತ್ರ ತರುವವನು ನಮ್ಮ ತಮ್ಮ ಓಪ್ಲೆಸ. ಹೇಸರಗತ್ತೆಗಳ ಜೀನು ಹೊಲಿಯುವವನು, ಕೂತು ಉಣ್ಣುವವನಲ್ಲ. ತಾಯಿಯ ಕಡೆಯಿಂದ ನಿಮ್ಮ ಬೆಟ್ಟದ ಮಾತು ಬಲ್ಲವನು. ಇವನ ಕೈ ಶುದ್ಧ, ನಾಲಿಗೆ ಶುದ್ಧ. ಪ್ರಭುವಿನ ಸಂಗತಿಯನ್ನು ಕೂಡಿಸದೆ ಕಳೆಯದೆ ಹೇಳಬಲ್ಲ.

ಅಲ್ಲಿಂದ ಮುಂದೆ ಖಾಲಿ.

ಊರು ಬಿಟ್ಟು ಊರಿಗೆ ಸುವಾರ್ತೆ ಹೊತ್ತು ಹೋಗುವವನ ಕೈಯಲ್ಲಿ ಹೀಗೊಂದು ಪತ್ರ ಇರಲೇಬೇಕಿತ್ತು. ಪ್ರಭುವಿನ ಹೆಸರು ಹೇಳಿಕೊಂಡು ಮನೆ ಮನೆಯಲ್ಲಿ ತಿಂದುಂಡು ಕಂಬಳಿ ಸುತ್ತಿಕೊಂಡು ಮಾಯವಾಗುವವರು ಹೆಚ್ಚಿದ್ದರು. ಹಾಗಾಗಿ ದಾರಿಯ ಪ್ರತಿ ಮನೆಯವರೂ ಮೊದಲು ಪತ್ರ ಓದಿಸಿ, ಆಮೇಲೆ ಕಾಲಿಗೆ ನೀರು ಕೊಡುತ್ತಿದ್ದರು. ಹೊರಡುವಾಗ ಪತ್ರದ ಬೆನ್ನಿನ ಮೇಲೆ ತಮ್ಮದೂ ಒಂದು ಮಾತು ಬರೆಸುತ್ತಿದ್ದರು. ಪೆರ್ಗೆಯ ಸಭೆಯಲ್ಲಿ ಆ ಪತ್ರ ಬರೆಯುವ ಕೆಲಸ ಮೆನ್ನೆಯನದು. ಬರೆಯುವುದಷ್ಟೇ ಅಲ್ಲ. ಹೋಗುವವರನ್ನು ಆರಿಸುವುದು, ಹೆದರಿದವರ ಪಕ್ಕ ಕೂರುವುದು, ಮೊದಲ ಮೈಲಿಗಲ್ಲಿನ ತನಕ ಅವರ ಗಂಟು ತಾನು ಹೊತ್ತು ನಡೆಯುವುದು, ಸೋತು ಬಂದವರ ಜೊತೆ ಮೊದಲ ಊಟ ಮಾಡುವುದು, ಎಲ್ಲ ಅವನದೇ. ಒಂಬತ್ತು ವರ್ಷದಲ್ಲಿ ಇಬ್ಬಿಬ್ಬರಂತೆ ಹದಿನೇಳು ಜೋಡಿಗಳನ್ನು ಹಾಗೆ ಕಳಿಸಿದ್ದ. ತೊದಲುವ ಒಬ್ಬ ಕುಂಬಾರನಿಗೆ, "ತೊದಲೋನ ಮಾತನ್ನ ಜನ ಕಿವಿ ಕೊಟ್ಟು ಕೇಳ್ತಾರೆ, ಸಲೀಸಾಗಿ ಆಡೋನ ಮಾತು ನೀರಿನ ಹಾಗೆ ಹರಿದು ಹೋಗುತ್ತೆ" ಎಂದಿದ್ದ. ಆ ಕುಂಬಾರ ಈಗ ಕಡಲಂಚಿನ ಮೂರು ಊರುಗಳಲ್ಲಿ ದೊಡ್ಡ ಹೆಸರು. ಜನ ಮೆನ್ನೆಯನನ್ನು 'ಧೈರ್ಯ ಕೊಡುವವನು' ಎನ್ನುತ್ತಿದ್ದರು. ಹಾಗೆ ಕರೆದಾಗಲೆಲ್ಲ ಅವನು ತಲೆ ತಗ್ಗಿಸುತ್ತಿದ್ದ. ಅದನ್ನು ವಿನಯ ಎಂದುಕೊಂಡಿದ್ದರು.

ಓರ್ಬಾನದಿಂದ ಹೇಳಿಕೆ ಬಂದದ್ದು ವಾರದ ಹಿಂದೆ, ಹೇಸರಗತ್ತೆ ಹೊಡೆಯುವವನೊಬ್ಬನ ಬಾಯಲ್ಲಿ. ಕಳಿಸಿದವಳು ತಾತಿಯಾ ಎಂಬ ಹೆಂಗಸು. ಹೇಳಿಕೆ ಎರಡೇ ಮಾತಿನದು: ಒಬ್ಬರನ್ನು ಕಳಿಸಿ. ಈ ಸಲ ಅರ್ಧ ದಾರಿಯಿಂದ ತಿರುಗಿ ಹೋಗದವರನ್ನು ಕಳಿಸಿ.

ನಿನ್ನೆ, ವಾರದ ಮೊದಲ ದಿನದ ಬೆಳಗ್ಗೆ, ಅದನ್ನು ಸಭೆಯ ಮುಂದೆ ಇಟ್ಟರು. ಸಭೆ ಸೇರುತ್ತಿದ್ದದ್ದು ಕಿರಿಲ್ಲಾಳ ಮನೆಯ ಹಿಂದಿನ ಚಾವಡಿಯಲ್ಲಿ. ಅವಳು ವಿಧವೆ, ಹೂಗೆಡ್ಡೆಯಿಂದ ಪರಿಮಳದ ಎಣ್ಣೆ ತೆಗೆಸುವವಳು. ಆ ಚಾವಡಿಯಲ್ಲಿ ಒಂದು ಗಳಿಗೆ ಕೂತವರ ಬಟ್ಟೆಯಿಂದ ಎರಡು ದಿನ ವಾಸನೆ ಹೋಗುತ್ತಿರಲಿಲ್ಲ. ಯಾರು ಹೋಗುತ್ತೀರಿ ಎಂದು ಅವಳು ಕೇಳಿದಾಗ ಬಾಗಿಲ ಹತ್ತಿರ, ಯಾವಾಗಲೂ ಕೂರುವ ಜಾಗದಿಂದ, ಓಪ್ಲೆಸ ಎದ್ದು ನಿಂತ.

"ನಾನು ಹೋಗ್ತೀನಮ್ಮ. ಆ ಮಾತು ಬರೋದು ನನಗೊಬ್ಬನಿಗೇ."

ಸ್ತಾಸಿಯ ನಕ್ಕ. ನದಿಯಲ್ಲಿ ನಲವತ್ತು ವರ್ಷ ದೋಣಿ ನಡೆಸಿದ ಮುದುಕ, ಸಭೆಯ ಹಿರಿಯರಲ್ಲೊಬ್ಬ, ಓಪ್ಲೆಸನಿಗೆ 'ಅರ್ಧದಾರಿ' ಎಂದು ಹೆಸರಿಟ್ಟವನು ಅವನೇ.

"ಹೋಗೋದು ಗೊತ್ತಪ್ಪ ಅರ್ಧದಾರಿ, ಸೇರೋದು ಯಾವಾಗ? ಕಿರಿಲ್ಲಾ, ಇವನ್ನ ಕಳಿಸೋದಾದ್ರೆ ಜೊತೇಲಿ ಒಂದು ಹಗ್ಗಾನೂ ಕಳಿಸು. ಅರ್ಧಕ್ಕೆ ಬಂದು ನಿಂತಾಗ ಮೇಲಿನೋರು ಎಳ್ಕೊಳ್ಲಿ."

ಒಂದಿಬ್ಬರು ನಕ್ಕರು. ಓಪ್ಲೆಸನೂ ಸ್ವಲ್ಪ ನಕ್ಕ. "ಹಗ್ಗ ನನ್ನ ಹತ್ರಾನೇ ಇದೆ ತಾತ, ಜೀನಿನದು. ನಿನ್ನ ದೋಣೀದಕ್ಕಿಂತ ಗಟ್ಟಿ."

"ನೋಡು, ಮಾತಿಗೇನೂ ಕಡಿಮೆ ಇಲ್ಲ."

ಕಿರಿಲ್ಲಾ ನಗಲಿಲ್ಲ. "ತಾತಿಯಾ ಯಾರ ಮಗಳು ಗೊತ್ತಲ್ಲ ನಿಂಗೆ? ಅವಳ ತಾಯಿ ನಿಮಗೋಸ್ಕರ ಕಾದು ಕಾದು ಸತ್ತಳು. ಆ ಮನೆ ಬಾಗಿಲಿಗೆ ನಿನ್ನನ್ನೇ ಕಳಿಸಲಾ ಓಪ್ಲೆಸ?"

ಓಪ್ಲೆಸ ಜೀನಿನ ದಬ್ಬಳ ಹಿಡಿದು ದಡ್ಡುಗಟ್ಟಿದ ಬೆರಳುಗಳನ್ನು ನೋಡಿಕೊಂಡ.

ಆಗ ಎಲ್ಲರೂ ಮೆನ್ನೆಯನ ಕಡೆ ತಿರುಗಿದರು. ಅವನು ಏಳುವ ಮೊದಲೇ ಅವನಿಗೆ ತಿಳಿದಿತ್ತು, ಈಗ ಬೇಕಾದದ್ದು ಒಂದು ಮಾತು, ಬರೀ ಒಂದು ಮಾತು ಎಂದು. ಎದ್ದ. ಬಾಯಿ ತೆರೆದ. ಬಂದದ್ದು ಬೇರೆ.

"ಮೊಣಕಾಲು ನಡುಗಿದೋನನ್ನೇ ಕಳಿಸಿ ಅಮ್ಮ. ನಡುಗದೇ ಇರೋನಿಗೆ ಆ ದಾರಿ ಎಷ್ಟು ಕಡಿದು ಅಂತ ಗೊತ್ತಿರಲ್ಲ. ಗೊತ್ತಿಲ್ಲದೋನು ಸುಮ್ನೆ ಹೋಗ್ತಾನೆ, ಗೊತ್ತಿದ್ದೂ ಹೋಗೋನೇ ಬೇರೆ. ಒಂದು ಸಲ ತಿರುಗಿ ಬಂದ ಅಂತ ಮನುಷ್ಯನ್ನ ಎಸೆದುಬಿಟ್ರೆ ಈ ಚಾವಡೀಲಿ ಯಾರು ಉಳೀತೀವಿ? ಅವತ್ತು ಅವನ ಜೊತೇಲಿದ್ದೋನು ನಾನು. ನಾನು ಹೇಳ್ತಿದೀನಿ, ಕಳಿಸಿ."

ಕಿರಿಲ್ಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ತಾಸಿಯನೇ ಮೊದಲು ಕೈಯೆತ್ತಿದ. "ಏನು ಮಾಡೋದು, ಇವನು ಬಾಯಿ ಬಿಟ್ರೆ ನನ್ನ ಕೈ ತಾನಾಗೇ ಮೇಲಕ್ಕೆ ಹೋಗುತ್ತೆ." ಒಂದೊಂದಾಗಿ ಎಲ್ಲ ಕೈಗಳೂ ಮೇಲೆದ್ದವು. ಬಾಗಿಲ ಬಳಿ ಓಪ್ಲೆಸ ಮೆನ್ನೆಯನನ್ನು ನೋಡಿ ತಲೆಬಾಗಿಸಿದ. ಆ ತಲೆ ಬಾಗಿದ್ದು ಕೃತಜ್ಞತೆಗೋ ಮತ್ತೊಂದಕ್ಕೋ ಮೆನ್ನೆಯನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವಷ್ಟು ಹೊತ್ತು ಅವನು ಅತ್ತ ನೋಡಲೂ ಇಲ್ಲ.

ಸಭೆ ಏಳುವ ಮುಂಚೆ ಕಿರಿಲ್ಲಾ ಹೇಳಿದಳು: "ಆದರೆ ಪತ್ರದಲ್ಲಿ ಅದನ್ನ ಬರೀಬೇಕು ಮೆನ್ನೆಯ. ಮುಚ್ಚಿಟ್ಟು ಕಳಿಸಿದ ಹಾಗಾಗಬಾರದು. ಅವತ್ತು ತಿರುಗಿ ಬಂದೋನು ಇವನೇ ಅಂತ ಬರಿ, ನಾವು ಕ್ಷಮಿಸಿದ್ದೀವಿ ಅಂತಲೂ ಬರಿ. ಆಮೇಲೆ ನೀನು ಈಗ ಆಡಿದ ಮೊಣಕಾಲಿನ ಮಾತು. ಅದನ್ನ ಹಾಗೇ ಹಾಕು."

ಆ ಸಾಲು ಏಳನೆಯದು.

ಒಂಬತ್ತು ವರ್ಷದ ಹಿಂದೆ ಓರ್ಬಾನಕ್ಕೆ ಹೊರಟದ್ದು ಅವರಿಬ್ಬರು. ಮೆನ್ನೆಯನಿಗೆ ನಲವತ್ತು, ಓಪ್ಲೆಸನಿಗೆ ಇಪ್ಪತ್ತೆರಡು. ಓರ್ಬಾನದಲ್ಲಿ ಅಮ್ಮಿಯಾ ಎಂಬ ಮುದುಕಿ ಯಾವುದೋ ಉಣ್ಣೆ ವ್ಯಾಪಾರಿಯ ಬಾಯಲ್ಲಿ ಪ್ರಭುವಿನ ಸಂಗತಿ ಕೇಳಿ, ನನಗೆ ದೀಕ್ಷೆಯ ಸ್ನಾನ ಮಾಡಿಸುವವರನ್ನು ಕಳಿಸಿ ಎಂದು ಹೇಳಿಕಳಿಸಿದ್ದಳು. ನದಿ ಬಯಲು ದಾಟಿ ಎರಡು ದಿನ ನಡೆದರೆ ಬೆಟ್ಟದ ಬುಡ. ಅಲ್ಲಿ ಸಭೆಯವರ ಮನೆಯೊಂದು ಇತ್ತು. ಅಲ್ಲಿಂದ ಮೇಲೆ ಮೆಟ್ಟಿಲುದಾರಿ. ಹೆಸರಿಗೆ ಮೆಟ್ಟಿಲು, ಬಂಡೆ ಕಡಿದು ಮಾಡಿದ ಏರು, ಒಂದು ಕಡೆ ಗೋಡೆ, ಇನ್ನೊಂದು ಕಡೆ ಗಾಳಿ.

ಬುಡದ ಮನೆ ಬಿಟ್ಟು ಅರ್ಧ ದಿನ ಹತ್ತಿದ ಮೇಲೆ ದಾರಿಯ ಮಗ್ಗುಲಲ್ಲಿ ಒಬ್ಬ ಮನುಷ್ಯ ಬೋರಲು ಬಿದ್ದಿದ್ದ. ಕಳ್ಳರು ಕಂಬಳಿ, ಹೇಸರಗತ್ತೆ, ಕಡೆಗೆ ಕಾಲಿನ ಚಪ್ಪಲಿಯನ್ನೂ ಬಿಚ್ಚಿಕೊಂಡು ಹೋಗಿದ್ದರು. ಅಂಗಾಲು ಎರಡೂ ದಾರಿಯ ಕಡೆಗಿದ್ದವು. ಬಿಳುಪಾಗಿದ್ದವು. ಜೀವಮಾನವೆಲ್ಲ ಚಪ್ಪಲಿ ಹಾಕಿಯೇ ನಡೆದವನ ಕಾಲು. ಮೆನ್ನೆಯ ತನ್ನ ಕಾಲನ್ನು ನೋಡಿಕೊಂಡ. ಆ ಕ್ಷಣದಿಂದ ಅವನಿಗೆ ಮೇಲಿನ ಒಂದು ಮೆಟ್ಟಿಲೂ ಹತ್ತಲಾಗಲಿಲ್ಲ.

ಜ್ವರ ಇತ್ತು. ಅದು ಸುಳ್ಳಲ್ಲ. ನದಿ ಬಯಲಿನ ಜ್ವರ, ಒಂದು ದಿನ ಬಿಟ್ಟು ಒಂದು ದಿನ ಬರುವಂಥದು, ಬಯಲಿನವರೆಲ್ಲರ ಮೈಯಲ್ಲೂ ಇರುವಂಥದು. ಅವತ್ತು ಮೈ ಬೆಚ್ಚಗಿತ್ತು, ಅಷ್ಟೆ. ಅವನು ಕೂತ, ಕಣ್ಣು ಮುಚ್ಚಿದ, ನನ್ನ ಕೈಲಾಗಲ್ಲ ಓಪ್ಲೆಸ ಎಂದ. ಓಪ್ಲೆಸ ಸತ್ತವನ ಮೇಲೆ ಕಲ್ಲು ಒಟ್ಟಿ ಬಂದು, ಬೆನ್ನು ಬಗ್ಗಿಸಿ, "ಹತ್ಕೋ ಅಣ್ಣ" ಎಂದ. ಬುಡದ ಮನೆಯ ತನಕ ಹೊತ್ತು ಇಳಿಸಿದ. ಮಧ್ಯೆ ಒಂದು ಒರತೆಯ ಹತ್ತಿರ ಇಳಿಸಿ, ನೀರು ತರಲು ಬಂಡೆಯ ಆಚೆ ಹೋದ. ಬಿಸಿಲು ಸುಡುತ್ತಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಪೈನ್ ಮರದ ನೆರಳಿತ್ತು. ಮೆನ್ನೆಯ ಎದ್ದು, ಯೋಚಿಸದೆ, ನಡೆದು ಹೋಗಿ ನೆರಳಿನಲ್ಲಿ ಕೂತ.

ಓಪ್ಲೆಸ ಬೊಗಸೆಯಲ್ಲಿ ನೀರು ಹಿಡಿದು ಬಂದ. ಮೊದಲು ತಾನು ಇಳಿಸಿದ್ದ ಕಲ್ಲನ್ನು ನೋಡಿದ. ಆಮೇಲೆ ಮರವನ್ನು. ನೀರು ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು. ಮರದ ಹತ್ತಿರ ಬಂದು ಉಳಿದಷ್ಟು ಕುಡಿಸಿದ. ಬೆನ್ನು ತಿರುಗಿಸಿ, ಮತ್ತೆ ಕುಕ್ಕರುಗಾಲಲ್ಲಿ ಕೂತ. "ಹತ್ಕೋ ಅಣ್ಣ."

ಮೆನ್ನೆಯ ಹತ್ತಿಕೊಂಡ.

ಜೋಡಿಯಲ್ಲಿ ಹೊರಟವರಿಗೆ ಒಂದು ಕಟ್ಟಳೆ ಇತ್ತು. ಒಬ್ಬ ಜಡ್ಡು ಬಿದ್ದರೆ ಹತ್ತಿರದ ಸಭೆಯವರ ಮನೆಯಲ್ಲಿ ಅವನನ್ನು ಬಿಟ್ಟು, ಇನ್ನೊಬ್ಬ ಮುಂದೆ ಹೋಗಬೇಕು. ಕಾಯುವವರನ್ನು ಕಾಯಿಸಬಾರದು. ಬುಡದ ಮನೆಯವರು ಹಾಸಿಗೆ ಹಾಸಿ, ಇವರನ್ನ ನಾವು ನೋಡ್ಕೋತೀವಿ, ನೀನು ಹೋಗಪ್ಪ ಎಂದರು. ಅವರು ಹೊರಗೆ ಹೋದ ಮೇಲೆ ಓಪ್ಲೆಸ ಗಂಟು ಎತ್ತಿಕೊಂಡ. ಆಗ ಮೆನ್ನೆಯ ಅವನ ಮೇಲುಹೊದಿಕೆಯ ಅಂಚನ್ನು ಹಿಡಿದುಕೊಂಡ. ಬಿಡಲಿಲ್ಲ. "ನನ್ನ ಬಿಟ್ಟು ಹೋಗಬೇಡ. ಊರಿಗೆ ಕರ್ಕೊಂಡು ಹೋಗು. ಇಲ್ಲೇ ಸತ್ತುಹೋಗ್ತೀನಿ." ಅವನಿಗೆ ಗೊತ್ತಿತ್ತು, ತಾನು ಸಾಯುವುದಿಲ್ಲ ಎಂದು. ಆದರೆ ಓಪ್ಲೆಸ ಒಬ್ಬನೇ ಮೇಲಕ್ಕೆ ಹೋಗಿಬಿಟ್ಟರೆ, ಒಬ್ಬನಿಂದ ಆದದ್ದು ಇನ್ನೊಬ್ಬನಿಂದ ಆಗಲಿಲ್ಲ ಎಂದು ಎಲ್ಲರಿಗೂ ತಿಳಿಯುತ್ತದೆ. ಹೊದಿಕೆಯ ಅಂಚು ಹಿಡಿದ ಆ ಮುಷ್ಟಿಯಲ್ಲಿ ಇದ್ದದ್ದು ಅದು.

ಪೆರ್ಗೆಯಲ್ಲಿ ಕಿರಿಲ್ಲಾ ಬಾಗಿಲಲ್ಲೇ ನಿಂತು ಕೇಳಿದಳು: "ಬುಡದ ಮನೇಲಿ ಇವನ್ನ ಬಿಟ್ಟು ನೀನು ಹತ್ತಬೇಕಿತ್ತಲ್ಲಪ್ಪ. ಯಾಕೆ ಹತ್ತಲಿಲ್ಲ?"

ಮೆನ್ನೆಯ ಹಾಸಿಗೆಯ ಮೇಲಿದ್ದ. ಕಣ್ಣು ಮುಚ್ಚಿದ್ದ. ಕಿವಿ ತೆರೆದಿತ್ತು.

"ನಂಗೆ ಭಯ ಆಯ್ತಮ್ಮ," ಎಂದ ಓಪ್ಲೆಸ.

ಜ್ವರ ಬಿಟ್ಟ ಮೇಲೆ ಹೇಳೋಣ ಎಂದುಕೊಂಡ ಮೆನ್ನೆಯ. ಜ್ವರ ಮೂರು ದಿನಕ್ಕೆ ಬಿಟ್ಟಿತು. ಅಷ್ಟರಲ್ಲಿ ಜನ ಅವನನ್ನು ನೋಡಿ ಮರುಗಲು ಬಂದಿದ್ದರು. ಇಂಥ ಪುಕ್ಕಲನ ಜೊತೆ ನಿನ್ನನ್ನ ಕಳಿಸಿದ್ದೇ ತಪ್ಪು ಎನ್ನುತ್ತಿದ್ದರು. ಓಪ್ಲೆಸನನ್ನು ಸಭೆಯಿಂದಲೇ ಹೊರಗಿಡಬೇಕು ಎಂದು ಕೆಲವರು ಅಂದಾಗ ಮೆನ್ನೆಯ ಗಾಬರಿಯಿಂದ ಎದ್ದು ನಿಂತು, ಬೇಡ, ಯಾರಿಗೆ ಭಯವಾಗಲ್ಲ, ಅವನನ್ನ ಬಿಡಬೇಡಿ ಎಂದು ಬೇಡಿಕೊಂಡ. ಜನ ಅತ್ತರು. ಜ್ವರದಲ್ಲೇ ಎರಡು ದಿನದ ದಾರಿ ಎಳೆತಂದು ತನ್ನ ಪ್ರಾಣವನ್ನೇ ಅಪಾಯಕ್ಕೆ ತಂದವನನ್ನು ಹೀಗೆ ಕಾಪಾಡುವ ಮನುಷ್ಯನನ್ನು ಅವರು ನೋಡಿರಲಿಲ್ಲ. ಧೈರ್ಯ ಕೊಡುವವನು ಎಂಬ ಹೆಸರು ಹುಟ್ಟಿದ್ದು ಆ ದಿನ.

ಓರ್ಬಾನದ ಅಮ್ಮಿಯಾ ಆ ಚಳಿಗಾಲದಲ್ಲಿ ಸತ್ತಳೆಂದು ಸುದ್ದಿ ಬಂದದ್ದು ವಸಂತದಲ್ಲಿ.

ಮೆನ್ನೆಯ ಕಲಿತ ಧೈರ್ಯದ ಮಾತುಗಳೆಲ್ಲ ಆಮೇಲಿನವು. ಭಯ ಎಲ್ಲಿಂದ ಹುಟ್ಟುತ್ತದೆ, ಹೇಗೆ ಜ್ವರದ ವೇಷ ಹಾಕುತ್ತದೆ, ಯಾವ ಗಳಿಗೆಯಲ್ಲಿ ಪಕ್ಕದವನ ಬಟ್ಟೆ ಹಿಡಿದು ಎಳೆಯುತ್ತದೆ ಎಂದು ಅವನಷ್ಟು ಬಲ್ಲವರು ಪೆರ್ಗೆಯಲ್ಲಿ ಇರಲಿಲ್ಲ. ಅದಕ್ಕೇ ಅವನ ಮಾತು ನಾಟುತ್ತಿತ್ತು. ಹದಿನೇಳು ಜೋಡಿಗಳು ಆ ಮಾತಿನ ಮೇಲೆ ಕಾಲಿಟ್ಟು ನಡೆದಿದ್ದವು. ನಾನೀಗ ಬಾಯಿ ಬಿಟ್ಟರೆ ಅವರ ಕಾಲಡಿಯ ನೆಲವೇ ಹೋಗುತ್ತದಲ್ಲ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅದನ್ನು ಎಷ್ಟು ಸಲ ಹೇಳಿಕೊಂಡಿದ್ದನೆಂದರೆ, ಅದು ನಿಜವೋ ನೆಪವೋ ಈಗ ಅವನಿಗೇ ತಿಳಿಯದಾಗಿತ್ತು.

ಲೇಖನಿ ಒಣಗಿತ್ತು. ಅದ್ದಿದ. ಬರೆದ. ಒಂದೇ ಉಸಿರಿಗೆ ಬರೆದು ಮುಗಿಸಿದ. ಅಕ್ಷರಗಳು ಎಂದಿನಂತೆ ದುಂಡಗೇ ಬಂದವು.

ಮಧ್ಯಾಹ್ನ ಓಪ್ಲೆಸ ಬಂದ. ಹೆಗಲ ಮೇಲೆ ಗಂಟು, ಸೊಂಟದಲ್ಲಿ ದಬ್ಬಳಗಳ ಚೀಲ. ದಾರಿಯಲ್ಲಿ ಈಗ ಸರ್ಕಾರದ ಕಾವಲು ಕೂತಿತ್ತು, ಕಳ್ಳರ ಕಾಟ ತಗ್ಗಿತ್ತು. ಹೇಸರಗತ್ತೆಗಳ ಸಾಲಿನ ಜೊತೆ ಒಬ್ಬನೇ ಹೋಗುವುದೆಂದು ನಿಶ್ಚಯವಾಗಿತ್ತು.

"ಆಯ್ತಾ ಅಣ್ಣ?"

"ಆಯ್ತು. ಕಿರಿಲ್ಲಾ ಮುದ್ರೆ ಒತ್ತಬೇಕು, ಅಷ್ಟೆ."

"ಓದು, ಕೇಳ್ತೀನಿ."

ಓಪ್ಲೆಸನಿಗೆ ಓದು ಬರುತ್ತಿರಲಿಲ್ಲ. ಮೆನ್ನೆಯ ಓದಿದ. ಕೂತು ಉಣ್ಣುವವನಲ್ಲ ಎಂಬಲ್ಲಿ ಓಪ್ಲೆಸ ನಕ್ಕ. "ಬೆಟ್ಟದೋರು ಇದನ್ನ ಓದಿಸಿ ಮೊದಲನೇ ದಿನವೇ ಕೆಲಸಕ್ಕೆ ಹಚ್ತಾರೆ ನೋಡು." ಆರನೆಯ ಸಾಲು ಮುಗಿಯಿತು. ಮೆನ್ನೆಯ ಕೆಮ್ಮಿದ, ಹಾಳೆಯನ್ನು ಬಿಸಿಲಿಗೆ ಹಿಡಿದು ಮಸಿ ಆರಿದೆಯೋ ಎಂದು ನೋಡಿದ.

"ಮುಂದಿಂದು ಹಾಗೇ. ಎಂದಿನ ಮಾತು."

"ಓದಣ್ಣ. ದಾರೀಲಿ ಮನೆಮನೇಲೂ ಓದ್ತಾರೆ. ನಾನೊಬ್ಬನೇ ಕೇಳಿಸ್ಕೊಳ್ದೇ ಇದ್ರೆ ಹೇಗೆ? ಎಲ್ಲಿ ತಲೆ ತಗ್ಗಿಸಬೇಕು ಅಂತ ಗೊತ್ತಿರಬೇಕಲ್ಲ."

ಮೆನ್ನೆಯ ಓದಿದ. "ಒಂಬತ್ತು ವರ್ಷದ ಹಿಂದೆ ಮೆಟ್ಟಿಲುದಾರಿಯಲ್ಲಿ ಹೆದರಿ ತಿರುಗಿದವನು ಇವನೇ, ಜೊತೆಗಿದ್ದ ನಾನು, ಮೆನ್ನೆಯ, ಇದಕ್ಕೆ ಸಾಕ್ಷಿ, ನಾವು ಇವನನ್ನು ಕ್ಷಮಿಸಿದ್ದೇವೆ, ನೀವೂ ಕ್ಷಮಿಸಿ, ಮೊಣಕಾಲು ನಡುಗಿದವನಿಗೇ ದಾರಿ ಎಷ್ಟು ಕಡಿದೆಂದು ಗೊತ್ತು."

ಬಾಗಿಲ ಆಚೆ ಯಾರೋ ಕತ್ತೆಗೆ ಬೈಯುತ್ತಿದ್ದರು. ಓಪ್ಲೆಸ ಒಮ್ಮೆ ಅತ್ತ ತಿರುಗಿ ನೋಡಿದ.

"ಮೊಣಕಾಲಿನ ಮಾತು ಚೆನ್ನಾಗಿದೆ," ಎಂದ. "ಎಲ್ಲಿಂದ ಬರುತ್ತೋ ನಿಂಗೆ ಇವೆಲ್ಲ."

ಮೆನ್ನೆಯ ಪತ್ರವನ್ನು ಸುರುಳಿ ಸುತ್ತಿದ. ಅದು ಎರಡು ಸಲ ಬಿಚ್ಚಿಕೊಂಡಿತು. ಓಪ್ಲೆಸ ಇಸಿದುಕೊಂಡು ತಾನೇ ಸುತ್ತಿದ, ಜೀನಿನ ದಾರದಿಂದ ಕಟ್ಟಿದ.

ಕಿರಿಲ್ಲಾ ಮುದ್ರೆ ಒತ್ತಿ, ರೊಟ್ಟಿ, ಉಪ್ಪು ಹಾಕಿದ ಗಿಣ್ಣು, ಒಣ ಅಂಜೂರ ಕಟ್ಟಿಕೊಟ್ಟಳು. ಹೊದಿಕೆಯನ್ನು ಸರಿಮಾಡುತ್ತ, "ಹೋಗಿ ತಲುಪು ಮಗ," ಎಂದಳು. 'ತಲುಪು' ಎಂಬುದನ್ನು ಸ್ವಲ್ಪ ಒತ್ತಿ ಹೇಳಿದಳು. ಸ್ತಾಸಿಯ ತನ್ನ ಊರುಗೋಲನ್ನೇ ಕೊಟ್ಟುಬಿಟ್ಟ. "ಇದನ್ನ ವಾಪಸ್ ತರಬೇಡ. ತಂದ್ರೆ ನೀನು ಮತ್ತೆ ತಿರುಗಿ ಬಂದೆ ಅಂತ ಆಗುತ್ತೆ."

ಮೊದಲ ಮೈಲಿಗಲ್ಲಿನ ತನಕ ಮೆನ್ನೆಯ ಗಂಟು ಹೊತ್ತು ನಡೆದ. ಅದು ಅವನೇ ಹಾಕಿಕೊಟ್ಟ ಪದ್ಧತಿ. ಹೊಲಗಳಲ್ಲಿ ಜವೆ ಕೊಯ್ಲಾಗಿತ್ತು. ಕೂಳೆಯ ನಡುವೆ ಕೊಕ್ಕರೆಗಳು ಓಡಾಡುತ್ತಿದ್ದವು. ಈ ದಾರಿಯಲ್ಲಿ ಅವನು ಹದಿನೇಳು ಸಲ ಮಾತಾಡಿಕೊಂಡು ನಡೆದಿದ್ದ. ಇವತ್ತು ಕೆರೆಯ ಏರಿ ಬಂದಾಗ ಹೇಳುತ್ತೇನೆ ಎಂದುಕೊಂಡ; ಏರಿ ಬಂತು, ಹೋಯಿತು. ಸಮಾಧಿಗಳ ಸಾಲು ಮುಗಿದ ಮೇಲೆ ಎಂದುಕೊಂಡ. ಅದೂ ಮುಗಿಯಿತು.

"ಓಪ್ಲೆಸ."

"ಹೂಂ."

"ಮೇಲೆ ಚಳಿ ಜಾಸ್ತಿ. ಕಾಲಿಗೆ ಉಣ್ಣೆ ಸುತ್ಕೋ."

"ಸುತ್ಕೋತೀನಿ."

ಮೈಲಿಗಲ್ಲಿನ ಹತ್ತಿರ ಹೇಸರಗತ್ತೆಗಳು ಕಾಯುತ್ತಿದ್ದವು. ಮೆನ್ನೆಯ ಗಂಟನ್ನು ಇಳಿಸಿದ. ಬೆವೆತಿದ್ದ, ಏದುಸಿರು ಬಿಡುತ್ತಿದ್ದ. ಓಪ್ಲೆಸ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿ, ಮೆಲ್ಲಗೆ ನಕ್ಕ.

"ವಾಪಸ್ ನಡ್ಕೊಂಡು ಹೋಗಬಲ್ಲೆ ತಾನೆ ಅಣ್ಣ? ಇವತ್ತು ಹೊರೋಕೆ ನಾನಿರಲ್ಲ."

ಆ ಮಾತಿನಲ್ಲಿ ಮುಳ್ಳು ಇರಲಿಲ್ಲ. ಹುಡುಕಿದರೂ ಇರಲಿಲ್ಲ. ಪೈನ್ ಮರದ ನೆರಳು ಮಾತ್ರ ಇತ್ತು, ಇಪ್ಪತ್ತು ಹೆಜ್ಜೆ ದೂರದ್ದು. ಮೆನ್ನೆಯನ ತುಟಿ ಅಲುಗಿತು. ಹೇಸರಗತ್ತೆ ಹೊಡೆಯುವವನು ಕೂಗಿದ. ಓಪ್ಲೆಸ ಗಂಟು ಹೆಗಲಿಗೇರಿಸಿ ಸಾಲಿನ ಹಿಂದೆ ಸೇರಿಕೊಂಡ. ತಿರುಗಿ ನೋಡಲಿಲ್ಲ. ಹೊರಡುವವರು ತಿರುಗಿ ನೋಡಬಾರದೆಂದು ಕಲಿಸಿದವನು ಮೆನ್ನೆಯನೇ.

ಪತ್ರ ಹಿಂದಕ್ಕೆ ಬಂದದ್ದು ಎರಡು ಬೇಸಿಗೆ ಕಳೆದ ಮೇಲೆ, ಅದೇ ಹೇಸರಗತ್ತೆಯವನ ಕೈಯಲ್ಲಿ. ಅಂಚುಗಳಲ್ಲಿ ಹರಿದು, ಹೊಗೆ ಹಿಡಿದು ಕಂದಾಗಿತ್ತು. ವಾರದ ಮೊದಲ ದಿನ ಸಭೆ ಸೇರಿದಾಗ ಕಿರಿಲ್ಲಾ ಅದನ್ನು ಮೆನ್ನೆಯನಿಗೆ ಕೊಟ್ಟು, "ಬೆನ್ನಿನ ಮೇಲಿಂದು ಓದು" ಎಂದಳು.

ಮೊದಲನೆಯದು ಬುಡದ ಮನೆಯವರದು: ಬಂದ, ನಮ್ಮ ಎರಡು ಜೀನು ಹೊಲಿದುಕೊಟ್ಟ, ಹೋದ. ಸಭೆ ನಕ್ಕಿತು. ಎರಡನೆಯದು ಮೆಟ್ಟಿಲುದಾರಿಯ ತಲೆಯ ಮೇಲಿನ ಮನೆಯದು: ಏಳನೆಯ ಸಾಲು ಓದಿದೆವು, ಅಂಗಳದಲ್ಲಷ್ಟೇ ಜಾಗ ಕೊಟ್ಟೆವು, ಇವನು ಬೇಸರಪಡಲಿಲ್ಲ. ಮೂರನೆಯದು ಉದ್ದವಿತ್ತು. ಓರ್ಬಾನದ ಯಾವನೋ ಬರೆಯುವವನ ಕೈ, ಒರಟು ಅಕ್ಷರ, ತಾತಿಯಾಳ ಮಾತು.

"ಇವನನ್ನು ಮೊದಲ ಚಳಿಗಾಲ ಪೂರ್ತಿ ಕೊಟ್ಟಿಗೆಯಲ್ಲಿಟ್ಟೆ. ನನ್ನ ತಾಯಿ ದೀಕ್ಷೆಯ ಸ್ನಾನಕ್ಕೆಂದು ಕಲ್ಲುತೊಟ್ಟಿ ತೊಳೆಸಿ, ನೀರು ತುಂಬಿಸಿ, ದಿನಾ ನೀರು ಬದಲಿಸುತ್ತ ಕಾದಿದ್ದಳು. ನೀರು ಹೆಪ್ಪುಗಟ್ಟುವ ತನಕ ಕಾದಳು. ಯಾಕೆ ಬರಲಿಲ್ಲ ಎಂದು ಇವನನ್ನು ದಿನಾ ಕೇಳಿದೆ. ಭಯವಾಯಿತು ಎಂದ. ಬೇರೆ ಏನೂ ಹೇಳಲಿಲ್ಲ. ಕೊಟ್ಟಿಗೆಯ ಚಳಿಗೆ ಬಲಗೈಯ ಎರಡು ಬೆರಳು ಕಪ್ಪಾಗಿ ಉದುರಿದವು. ಈಗ ಜೀನು ಹೊಲಿಯಲಾರ. ಆಗ ನಾನು ಪತ್ರವನ್ನು ಇನ್ನೊಮ್ಮೆ ಓದಿಸಿದೆ. ಮೊಣಕಾಲಿನ ಮಾತು ಅಲ್ಲಿ ಇರದಿದ್ದರೆ ಇವನನ್ನು ಒಳಗೆ ಕರೆಯುತ್ತಿರಲಿಲ್ಲ. ಅದನ್ನು ಬರೆದ ಅಣ್ಣನಿಗೆ ನನ್ನ ನಮಸ್ಕಾರ. ಅಮ್ಮನ ತೊಟ್ಟಿಯಲ್ಲಿ ನಾವು ಹನ್ನೊಂದು ಜನ ಸ್ನಾನ ಮಾಡಿದೆವು. ಇವನನ್ನು ನಾವು ಹಿಂದಕ್ಕೆ ಕಳಿಸುವುದಿಲ್ಲ."

ಓದು ಮುಗಿದ ಮೇಲೂ ಮೆನ್ನೆಯ ಹಾಳೆಯನ್ನು ಕೆಳಗಿಡಲಿಲ್ಲ. ಬೆನ್ನಿನ ಮಸಿಯ ಅಡಿಯಿಂದ ಮುಂಭಾಗದ ತನ್ನದೇ ಅಕ್ಷರಗಳು ತಿರುಗುಮುರುಗಾಗಿ ಕಾಣುತ್ತಿದ್ದವು. ಬಲಗೈಯ ಎರಡು ಬೆರಳು. ಯಾವ ಎರಡು ಎಂದು ಬರೆದಿರಲಿಲ್ಲ. ಬೊಗಸೆಯಲ್ಲಿ ನೀರು ತಂದ ಕೈ ಅದು.

ಸ್ತಾಸಿಯ ಅಳುತ್ತಿದ್ದ. "ನನ್ನ ನಾಲಿಗೆ ಬಿದ್ದುಹೋಗ್ಲಿ. ಅರ್ಧದಾರಿ ಅಂದೆನಲ್ಲೋ ಅವನ್ನ, ಹನ್ನೊಂದು ವರ್ಷ."

"ನಾವೆಲ್ಲ ಅಂದ್ವಿ," ಎಂದಳು ಕಿರಿಲ್ಲಾ. "ಅನ್ನದೇ ಇದ್ದೋನು ಇವನೊಬ್ಬನೇ." ಅವಳು ಮೆನ್ನೆಯನ ತೋಳು ಹಿಡಿದು ಎಬ್ಬಿಸಿದಳು. "ಮಾತಾಡು ಮೆನ್ನೆಯ. ಮುಂದಿನ ವಾರ ಹೊರಡೋರು ಇಬ್ಬರು ಇಲ್ಲೇ ಕೂತಿದ್ದಾರೆ, ಹೆದರ್ಕೊಂಡಿದ್ದಾರೆ. ಅವರಿಗೆ ಏನಾದ್ರೂ ಹೇಳು."

ಮೆನ್ನೆಯ ಎದ್ದ. ಚಾವಡಿಯಲ್ಲಿ ಹೂಗೆಡ್ಡೆಯ ಎಣ್ಣೆಯ ವಾಸನೆ ದಟ್ಟವಾಗಿತ್ತು. ಬಾಗಿಲ ಬಳಿ, ಓಪ್ಲೆಸ ಕೂರುತ್ತಿದ್ದ ಜಾಗದಲ್ಲಿ, ಯಾರೂ ಕೂತಿರಲಿಲ್ಲ. ಒಂದು ಚಪ್ಪಲಿ ಮಗುಚಿ ಬಿದ್ದಿತ್ತು. ಹೊರಡಲಿದ್ದ ಇಬ್ಬರು ಅವನ ಮುಖವನ್ನೇ ನೋಡುತ್ತಿದ್ದರು.

ಅವನು ಬಹಳ ಹೊತ್ತು ಮಾತಾಡಿದ. ಚಳಿಯ ಬಗ್ಗೆ, ಕಾಯುವವರ ಬಗ್ಗೆ, ತಲುಪುವುದರ ಬಗ್ಗೆ. ಚೆನ್ನಾಗಿಯೇ ಮಾತಾಡಿದ. ಆ ಇಬ್ಬರೂ ಹೊರಟರು, ತಲುಪಿದರು. ಆಮೇಲೂ ಎಂಟು ವರ್ಷ ಮೆನ್ನೆಯ ಪೆರ್ಗೆಯಲ್ಲಿ ಬದುಕಿದ, ಜನರನ್ನು ಕಳಿಸಿದ, ಪತ್ರ ಬರೆದ, ಓರ್ಬಾನಕ್ಕೂ ಎರಡು ಸಲ ಬರೆದು, ಎಲ್ಲರ ಕ್ಷೇಮ ಕೇಳಿದ.

ಮೆಟ್ಟಿಲುದಾರಿಯಲ್ಲಿ ಹೆದರಿದವನು ನಾನು, ಓಪ್ಲೆಸನ ಹೊದಿಕೆ ಹಿಡಿದು ಅವನನ್ನು ತಿರುಗಿಸಿದವನು ನಾನು ಎಂದು ಅವನು ಯಾರಿಗೂ ಹೇಳಲಿಲ್ಲ.